ಎರಡು ಎಂಬತ್ತೆಂಟು

ನಮ್ಮ ವಿದ್ಯುತ್ ಸಹಕಾರ ಸಂಘದವರು ಈ ವರ್ಷ ತಮ್ಮ ಅರವತ್ತು ವರ್ಷದ ಚರಿತ್ರೆಯನ್ನು ಪುಸ್ತಕ ಮಾಡಿಸಿದ್ದಾರೆ. ಎಂಬತ್ತನಾಲ್ಕು ಪುಟ. ಅದರಲ್ಲಿ ಅಧ್ಯಕ್ಷರ ಫೋಟೊ ಹನ್ನೊಂದು ಕಡೆ ಇದೆ, ಎಣಿಸಿದ್ದೇನೆ. ಹೊಸ ಕಟ್ಟಡಕ್ಕೆ ಒಂದು ಪುಟ, ಹೊಸ ಜೀಪಿಗೆ ಒಂದು ಪುಟ, ಗೇಟಿಗೂ ಅರ್ಧ ಪುಟ. ಸಂಘದ ಫೋನಿನ ಮುಂದೆ ಮೂವತ್ತೊಂದು ವರ್ಷ ಕೂತ ನನ್ನ ದೊಡ್ಡಮ್ಮನ ಬಗ್ಗೆ ಒಂದಕ್ಷರವೂ ಇಲ್ಲ. ಲೈನ್‌ಮನ್ ಒಬ್ಬನಿಗಾದ ಅಪಘಾತದ ಬಗ್ಗೆ ಒಂದು ಸಾಲಿದೆ: ‘ಕೆಲವು ಕಹಿ ಘಟನೆಗಳನ್ನೂ ಸಂಘವು ಧೈರ್ಯದಿಂದ ಎದುರಿಸಿತು.’ ಆ ಸಾಲು ಸುಳ್ಳು. ಸಂಘ ಏನನ್ನೂ ಎದುರಿಸಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಕಣ್ಣಾರೆ ಕಂಡದ್ದು ಕಡಿಮೆ. ಉಳಿದದ್ದನ್ನು ದೊಡ್ಡಮ್ಮನನ್ನೂ ಬೇರೆ ಇಬ್ಬರನ್ನೂ ಕೇಳಿ, ಹೆಚ್ಚಾಗಿ ಮೂವರ ಮಾತೂ ಕೂಡಿದ್ದನ್ನೇ ಬರೆದಿದ್ದೇನೆ.

ಸಂಘ ಹುಟ್ಟಿದ ಕತೆ ಪುಸ್ತಕದಲ್ಲಿ ಸರಿಯಾಗಿಯೇ ಇದೆ. ಪಟ್ಟಣದ ವಿದ್ಯುತ್ ಕಂಪನಿ ನಮ್ಮ ಕಡೆ ತಂತಿ ಎಳೆಯಲು ಒಪ್ಪಲಿಲ್ಲ. ಮನೆಗಳು ದೂರ ದೂರ, ಕಂಬಕ್ಕೊಂದು ಮನೆಯೂ ಸಿಗುವುದಿಲ್ಲ, ಹಾಕಿದ ಬಂಡವಾಳ ಹುಟ್ಟುವುದಿಲ್ಲ ಎಂದಿತು. ಆಗ ಮುನ್ನೂರು ಚಿಲ್ಲರೆ ಮನೆಯವರು ಸೇರಿ ತಾವೇ ಸಂಘ ಕಟ್ಟಿದರು. ಮನೆಗೊಂದು ಗುಂಡಿ ತೋಡಬೇಕೆಂದು ನಿಯಮವಾಯಿತು. ಯಾರ ಗುಂಡಿ ಮೊದಲು ಮುಗಿಯಿತೋ ಅವರ ಕಂಬ ಒಂದನೇ ನಂಬರು. ಹಾಗಾಗಿ ಒಂದನೇ ಕಂಬ ಪೂರ್ವದ ಗುಡ್ಡದ ಬುಡದಲ್ಲಿದೆ, ಎರಡನೆಯದು ಅಲ್ಲಿಂದ ಮೂರು ಮೈಲಿ ಆಚೆ ಹಿಟ್ಟಿನ ಗಿರಣಿಯ ಮುಂದೆ, ಮೂರನೆಯದು ಇನ್ನೆಲ್ಲೋ. ನಮ್ಮಜ್ಜನ ಗುಂಡಿಯಲ್ಲಿ ಬಂಡೆ ಸಿಕ್ಕಿ ಅವರದು ಐವತ್ತೇಳನೆಯದಾಯಿತು. ಹೊರಗಿನವರಿಗೆ ತಲೆಬುಡ ತಿಳಿಯದ ಲೆಕ್ಕ ಇದು. ನಮ್ಮವರಿಗೆ ಮಾತ್ರ ಆ ನಂಬರು ಮನೆಯ ವಿಳಾಸಕ್ಕಿಂತ ಹೆಚ್ಚು. ಈಗಲೂ ಮುದುಕರು ‘ನಮ್ಮ ಕಂಬ’ ಎನ್ನುತ್ತಾರೆ, ‘ಸಂಘದ ಕಂಬ’ ಎನ್ನುವುದಿಲ್ಲ.

ದೊಡ್ಡಮ್ಮ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ಇಪ್ಪತ್ತೈದನೇ ವಯಸ್ಸಿಗೆ ಸಂಘಕ್ಕೆ ಸೇರಿದರು. ಅವರ ಕೋಣೆ ಉಗ್ರಾಣದ ಪಕ್ಕ. ಒಂದು ಮೇಜು, ಒಂದು ಫೋನು, ದಪ್ಪ ರಿಜಿಸ್ಟರು, ಕಾಲು ಅಲ್ಲಾಡುವ ಕುರ್ಚಿ. ಕಿಟಕಿಯ ಆಚೆ ಸುತ್ತಿಟ್ಟ ತಂತಿಯ ಉಂಡೆಗಳು, ಕಂಬದ ಮೇಲೆ ತಂತಿ ಕಟ್ಟುವ ಪಿಂಗಾಣಿ ಗುಬ್ಬಿಗಳ ರಾಶಿ. ಕರೆಂಟು ಹೋಯಿತು, ಪಂಪು ಗುಂಯ್ ಎನ್ನುತ್ತದೆ ಆದರೆ ತಿರುಗುವುದಿಲ್ಲ, ಮೀಟರು ಓಡುತ್ತಲೇ ಇದೆ, ತಂತಿಗೆ ಕೊಂಬೆ ತಾಗಿ ಕಿಡಿ ಬೀಳುತ್ತಿದೆ, ಹೀಗೆ ಎಲ್ಲ ದೂರೂ ಅವರ ಕಿವಿಗೆ ಬರುತ್ತಿತ್ತು. ಯಾವ ಹುಡುಗನನ್ನು ಎಲ್ಲಿಗೆ ಕಳಿಸಬೇಕು, ಯಾರ ಮನೆಯಲ್ಲಿ ಉಸಿರಾಟದ ಯಂತ್ರ ಇದೆ, ಯಾರು ಸುಮ್ಮನೆ ಕೂಗಾಡುವವರು, ಎಲ್ಲ ಅವರ ನಾಲಗೆ ತುದಿಯಲ್ಲಿ. ಸದಸ್ಯರು ಅವರನ್ನು ಕರೆಂಟಕ್ಕ ಎನ್ನುತ್ತಿದ್ದರು. ಕೋಪವೂ ಕರೆಂಟಿನಂತೆ, ಮುಟ್ಟಿದವರಿಗೆ ಮಾತ್ರ ಗೊತ್ತು ಎಂದು ಗಿರಣಿಯವರು ಹೇಳುತ್ತಿದ್ದರು.

ಅವರು ತಂದ ಒಂದು ಕಟ್ಟಳೆ ಇತ್ತು. ಅದರ ಹೆಸರು ಮೂರು ಬಾಯಿ. ಲೈನ್‌ಮನ್ ಕಂಬ ಹತ್ತುವ ಮೊದಲು ಫೋನ್ ಮಾಡಿ ಕಂಬದ ನಂಬರು ಹೇಳಬೇಕು. ದೊಡ್ಡಮ್ಮ ಅದನ್ನು ತಮ್ಮ ಬಾಯಲ್ಲಿ ಹೇಳಿ ಉಪಕೇಂದ್ರಕ್ಕೆ ತಿಳಿಸಬೇಕು. ಅಲ್ಲಿ ಸ್ವಿಚ್ಚಿನವನು ನಂಬರನ್ನು ತಿರುಗಿ ಹೇಳಿ, ಆ ಕಡೆಯ ತಂತಿ ಬಂದ್ ಮಾಡಿ, ‘ಬಂದ್’ ಎನ್ನಬೇಕು. ಮೂರು ಬಾಯಲ್ಲಿ ಒಂದೇ ನಂಬರು ಬರದೆ ಯಾರೂ ಹತ್ತುವಂತಿಲ್ಲ. ಗಂಟಲು ಕಟ್ಟಿದ ದಿನವೂ ಅವರು ಇದನ್ನು ಬಿಡಲಿಲ್ಲ. ಮೂವತ್ತು ವರ್ಷದಲ್ಲಿ ಒಬ್ಬನಿಗೂ ಶಾಕ್ ಹೊಡೆದಿರಲಿಲ್ಲ.

ಎರಡು ವರ್ಷದ ಹಿಂದೆ ಅಧ್ಯಕ್ಷರಿಗೆ ಕಂಬಗಳ ನಂಬರು ಅಡ್ಡಾದಿಡ್ಡಿಯಾಗಿ ಕಂಡಿತು. ಉಪಕೇಂದ್ರದಿಂದ ಶುರುಮಾಡಿ ಸಾಲಾಗಿ ಹೊಸ ನಂಬರು ಹಾಕಲು ಗುತ್ತಿಗೆ ಕೊಟ್ಟರು. ಅದರಲ್ಲಿ ತಪ್ಪೇನೂ ಇಲ್ಲ ಎಂದು ದೊಡ್ಡಮ್ಮನೂ ಒಪ್ಪುತ್ತಾರೆ. ಆದರೆ ಗುತ್ತಿಗೆದಾರರು ಪಶ್ಚಿಮದ ಸಾಲಿಗೆ, ಅಂದರೆ ದೊಡ್ಡ ರಸ್ತೆಯ ಕಡೆಗೆ, ನೋಡುವವರ ಕಣ್ಣಿಗೆ ಬೀಳುವ ಕಡೆಗೆ, ತಗಡು ಹೊಡೆದು ಹೋದವರು ತಿರುಗಿ ಬರಲಿಲ್ಲ. ಪೂರ್ವದ ಸಾಲಿನಲ್ಲಿ ಬಣ್ಣದಲ್ಲಿ ಬರೆದ ಹಳೆಯ ನಂಬರೇ ಉಳಿಯಿತು. ಹೀಗಾಗಿ ಒಂದೇ ನಂಬರಿನ ಕಂಬಗಳು ಎರಡೆರಡಾದವು. ಉಪಕೇಂದ್ರದ ಗೋಡೆಯಲ್ಲಿದ್ದ ಹಳೆಯ ನಕ್ಷೆಯನ್ನು ಕಾರ್ಯದರ್ಶಿ ತೆಗೆಸಿ ಹೊಸದನ್ನು ಹಾಕಿಸಿದರು. ಕೆಲಸ ಮುಗಿಯುವವರೆಗೆ ಫೋನಿನಲ್ಲಿ ‘ಹಳೆಯದು’ ಅಥವಾ ‘ಹೊಸದು’ ಎಂದು ಸೇರಿಸಿ ಹೇಳಬೇಕೆಂದು ಒಂದು ಚೀಟಿ ಕಳಿಸಿದರು. ದೊಡ್ಡಮ್ಮ ಅದನ್ನು ಫೋನಿನ ಮೇಲುಗಡೆ ಗೋಡೆಗೆ ಅಂಟಿಸಿದರು. ಅರ್ಧ ಕೆಲಸ ಮಾಡುವುದಕ್ಕಿಂತ ಮಾಡದಿರುವುದು ಮೇಲು ಎಂದು ಮೂರು ಸಲ ಬರೆದೂ ಕೊಟ್ಟರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಅಪಘಾತವಾದ ದಿನ ಬೆಳಗ್ಗೆ ಭಾರೀ ಗಾಳಿ. ಒಂಬತ್ತು ಗಂಟೆಯೊಳಗೆ ನಲವತ್ತು ಕರೆ ಬಂದಿದ್ದವು. ಮೂವರು ಲೈನ್‌ಮನ್‌ಗಳೂ ಮೂರು ದಿಕ್ಕಿಗೆ ಹೋಗಿದ್ದರು. ಅವರಲ್ಲಿ ಒಬ್ಬನನ್ನು ಎಲ್ಲರೂ ಹಲ್ಲಿ ಎನ್ನುತ್ತಿದ್ದರು. ನೇರ ಕಂಬವನ್ನೂ ಗೋಡೆಯ ಮೇಲೆ ಹರಿದಂತೆ ಹತ್ತುತ್ತಿದ್ದ. ದೊಡ್ಡಮ್ಮ ಅವನನ್ನು ಕೆಲಸಕ್ಕೆ ಸೇರಿದ ದಿನದಿಂದ ಬೈದು ಬೈದು ಬೆಳೆಸಿದ್ದರು. ಹಲ್ಲಿ ಪೂರ್ವದ ಸಾಲಿನಿಂದ ಫೋನ್ ಮಾಡಿ, ತಂತಿಯ ಮೇಲೆ ಕೊಂಬೆ ಬಿದ್ದಿದೆ, ಎಂಬತ್ತೆಂಟು ಎಂದ. ದೊಡ್ಡಮ್ಮ ಎಂಬತ್ತೆಂಟು ಎಂದರು. ಉಪಕೇಂದ್ರದ ಸ್ವಿಚ್ಚಿನವನೂ ಎಂಬತ್ತೆಂಟು ಎಂದು, ಹೊಸ ನಕ್ಷೆ ನೋಡಿ, ಪಶ್ಚಿಮದ ಸಾಲನ್ನು ಬಂದ್ ಮಾಡಿದ. ಮೂರು ಬಾಯಿಯೂ ಕೂಡಿತು. ಹಳೆಯದೋ ಹೊಸದೋ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಅವಸರದಲ್ಲಿ ಮೂರು ಬಾಯಿಯ ಕಟ್ಟಳೆ ಬಿಟ್ಟಿದ್ದರೆ ಯಾರಾದರೂ ತಡವರಿಸುತ್ತಿದ್ದರೇನೋ. ಕಟ್ಟಳೆ ಪಾಲಿಸಿದ್ದರಿಂದಲೇ ಯಾರಿಗೂ ಅನುಮಾನ ಬರಲಿಲ್ಲ.

ಪೂರ್ವದ ಎಂಬತ್ತೆಂಟನೇ ಕಂಬದ ತಂತಿ ಜೀವಂತವಾಗಿತ್ತು. ಹಲ್ಲಿಯ ಎಡಗೈ ಸುಟ್ಟಿತು. ಕಂಬದಿಂದ ಬಿದ್ದು ಸೊಂಟದ ಮೂಳೆ ಮುರಿಯಿತು. ಬದುಕಿದ. ಒಂದು ಕಾಲು ಮಾತ್ರ ಗಿಡ್ಡವಾಯಿತು, ಇನ್ನು ಕಂಬ ಹತ್ತುವ ಹಾಗಿಲ್ಲ ಎಂದರು ಡಾಕ್ಟರು.

ಅದೇ ದಿನ ಸಂಜೆ ಐದಕ್ಕೆ ಕಾರ್ಯದರ್ಶಿ ದೊಡ್ಡಮ್ಮನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರಂತೆ. ಟೈಪು ಮಾಡಿದ ಒಂದು ಹಾಳೆ ಮುಂದಿಟ್ಟರಂತೆ. ‘ಹಳೆಯದೋ ಹೊಸದೋ ಎಂದು ನಾನು ಸ್ಪಷ್ಟವಾಗಿ ಕೇಳಿದೆ. ಲೈನ್‌ಮನ್ ಉತ್ತರ ಕೊಡದೆ ಫೋನ್ ಇಟ್ಟನು’ ಎಂದು ಅದರಲ್ಲಿತ್ತು. ನಿಮ್ಮ ನಿವೃತ್ತಿಗೆ ಇನ್ನು ಎರಡೇ ವರ್ಷ, ನಿಮ್ಮ ತಲೆಗೆ ಬರಬಾರದು ನೋಡಿ, ಅವನಿಗೇನು, ಹೇಗೂ ಇನ್ನು ಹತ್ತುವುದು ಅನುಮಾನವೇ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರಂತೆ. ದೊಡ್ಡಮ್ಮ ಸಹಿ ಹಾಕಿದರು. ಗಾಬರಿಯಲ್ಲಿ ಓದದೆ ಹಾಕಿರಬೇಕು ಎಂದು ನಾನೊಮ್ಮೆ ಅಂದದ್ದಕ್ಕೆ ಅವರು ನನ್ನ ಮೇಲೇ ರೇಗಿದರು.

“ಓದಿಯೇ ಹಾಕಿದೆ. ಎರಡು ಸಲ ಓದಿದೆ. ಹಾಗೇ ಬರಿ.”

ಆಮೇಲಿನ ನಾಲ್ಕು ತಿಂಗಳು ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ಪಾತ್ರೆ ಸದ್ದಾದರೆ ಸಿಟ್ಟು, ಸದ್ದಾಗದಿದ್ದರೆ ಯಾಕೆ ಹೀಗೆ ಕಳ್ಳರ ಹಾಗೆ ಓಡಾಡುತ್ತೀರಿ ಎಂದು ಸಿಟ್ಟು. ಅಮ್ಮ ಏನಾದರೂ ಕೇಳಿದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವಳು ನಾನು, ಸಾಕಾ, ಎಂದು ಎದ್ದು ಹೋಗುತ್ತಿದ್ದರು. ಆಸ್ಪತ್ರೆಗೆ ಒಂದು ಸಲ ಹೋದವರು ವಾರ್ಡಿನ ಬಾಗಿಲಿನಿಂದಲೇ ವಾಪಸು ಬಂದರು.

ಒಂದು ಮಧ್ಯಾಹ್ನ ಹಲ್ಲಿಯ ಹೆಂಡತಿ ಸಂಘಕ್ಕೆ ಫೋನ್ ಮಾಡಿದಳು. ಮನೆಯಲ್ಲಿ ಕರೆಂಟು ಹೋಗಿತ್ತು, ಅಷ್ಟೇ. ಬೇರೆ ಸದಸ್ಯರ ಹಾಗೆ ದೂರು ಹೇಳಿ, ಕಂಬದ ನಂಬರು ಕೊಟ್ಟಳು. “ಹಳೇದು ಅಕ್ಕ, ಹಳೇ ಅರವತ್ನಾಲ್ಕು. ಹಳೇದು ಅಂತ ಬರ್ಕೊಂಡ್ರಾ?” ಎಂದು ಎರಡೆರಡು ಸಲ ಕೇಳಿದಳು. ಅವಳ ದನಿಯಲ್ಲಿ ಚುಚ್ಚುಮಾತು ಇರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ದೊಡ್ಡಮ್ಮ ಹೇಳಿದರು. ಅದೇ ವಾರ ವಾರ್ಷಿಕ ಸಭೆಯ ನೋಟಿಸು ಬಂತು. ಒಂಬತ್ತನೇ ವಿಷಯ: ಅಪಘಾತದ ತನಿಖಾ ವರದಿಯನ್ನು ಅಂಗೀಕರಿಸುವುದು ಮತ್ತು ಅಜಾಗರೂಕತೆಗಾಗಿ ಲೈನ್‌ಮನ್‌ನನ್ನು ಕೆಲಸದಿಂದ ತೆಗೆಯುವುದು. ಕಾಯಂ ಕೆಲಸಗಾರನನ್ನು ತೆಗೆಯಲು ಸದಸ್ಯರ ಒಪ್ಪಿಗೆ ಬೇಕೆಂದು ನಮ್ಮ ಸಂಘದ ನಿಯಮ. ಒಪ್ಪಿಗೆ ಸಿಕ್ಕಿದರೆ ಹಲ್ಲಿಗೆ ಕುಳಿತು ಮಾಡುವ ಕೆಲಸವೂ ಇಲ್ಲ.

ಒಪ್ಪಿಗೆ ಸಿಗುವುದು ಎಷ್ಟು ಸುಲಭ ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮ ವಾರ್ಷಿಕ ಸಭೆಗೆ ಬಂದು ಸಹಿ ಹಾಕಿದವರಿಗೆಲ್ಲ ಒಂದೊಂದು ಬಲ್ಬು ಕೊಡುತ್ತಾರೆ. ಕೋರಂ ಲೆಕ್ಕ ಸಹಿಯಿಂದ. ಮುನ್ನೂರು ಜನ ಬಂದು ಸಹಿ ಹಾಕಿ, ಬಲ್ಬು ಹಿಡಿದು, ಕುರ್ಚಿಗೆ ಬೆನ್ನು ತಾಗಿಸದೆ ಮನೆಗೆ ಹೋಗುತ್ತಾರೆ. ನಾಲ್ಕನೇ ವಿಷಯದ ಹೊತ್ತಿಗೆ ಅಧ್ಯಕ್ಷರ ನೆಂಟರಿಷ್ಟರು ಮೂವತ್ತು ಜನ ಉಳಿದಿರುತ್ತಾರೆ. ಅವರು ‘ಅಂಗೀಕಾರ’ ಎನ್ನುತ್ತಾರೆ. ಮುನ್ನೂರು ಜನ ಒಪ್ಪಿದರು ಎಂದು ಬರೆಯಲಾಗುತ್ತದೆ. ಗುಂಡಿ ತೋಡಿದವರ ಮಕ್ಕಳು ಇವರು. ಅಡಿಕೆಗೆ ಹೋದ ಮಾನ ಅಂತ ಗಾದೆ, ನಮ್ಮವರದು ಪ್ರತಿ ವರ್ಷ ಬಲ್ಬಿಗೆ ಹೋಗುತ್ತಿತ್ತು.

ಬಲ್ಬು ಹಂಚುವುದು ದೊಡ್ಡಮ್ಮನ ಕೆಲಸ. ಉಗ್ರಾಣದ ಬೀಗದಕೈ ಅವರ ಸೊಂಟದಲ್ಲಿ.

ಸಭೆಯ ದಿನ ಅಮ್ಮನ ಜೊತೆ ನಾನೂ ಹೋಗಿದ್ದೆ. ಸಭೆಯದ್ದೆಲ್ಲ ಕಣ್ಣಾರೆ ಕಂಡದ್ದು. ಸಭಾಂಗಣದ ಬಾಗಿಲ ಬಳಿ ಮೇಜು, ಅದರ ಮೇಲೆ ಸಹಿಯ ಪುಸ್ತಕ. ಮೇಜಿನ ಮೇಲೆ ಬಲ್ಬಿನ ಪೆಟ್ಟಿಗೆ ಇರಲಿಲ್ಲ. ದೊಡ್ಡಮ್ಮ ಕೈಕಟ್ಟಿ ಕೂತಿದ್ದರು. ಮೊದಲು ಬಂದ ಗಿರಣಿಯವರು ಸಹಿ ಹಾಕಿ ಕೈ ಚಾಚಿದರು.

“ಸಭೆ ಮುಗಿದ ಮೇಲೆ,” ಎಂದರು ದೊಡ್ಡಮ್ಮ.

“ಏನ್ ಕರೆಂಟಕ್ಕ, ಬಲ್ಬಿಗೂ ಲೋಡ್ ಶೆಡ್ಡಿಂಗಾ?”

“ಹೌದು. ಒಂಬತ್ತನೇ ವಿಷಯ ಆದ್ಮೇಲೆ ಸಪ್ಲೈ ಬರುತ್ತೆ. ಅಲ್ಲೀವರೆಗೆ ಕೂತ್ಕೊಳ್ಳಿ.”

ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಒಬ್ಬರು ಗಿರಣಿಗೆ ಕೊಟ್ಟ ಹಿಟ್ಟು ತರಬೇಕೆಂದರು. ಗಿರಣಿಯವನೇ ಇಲ್ಲಿ ಕೂತಿದ್ದಾನಲ್ಲ ಎಂದು ದೊಡ್ಡಮ್ಮ ತೋರಿಸಿದರು. ಇನ್ನೊಬ್ಬ ಹೆಂಗಸು, ಮನೆಯ ಬಲ್ಬು ಸುಟ್ಟು ಆರು ತಿಂಗಳಾಯಿತು, ಈ ದಿನಕ್ಕೇ ಕಾಯುತ್ತಿದ್ದೇನೆ ಎಂದು ಜಗಳಕ್ಕೆ ನಿಂತರು. ಕಾರ್ಯದರ್ಶಿ ಬಂದು ತಗ್ಗಿದ ದನಿಯಲ್ಲಿ ಬೀಗದಕೈ ಕೇಳಿದರು. ದೊಡ್ಡಮ್ಮ ತಗ್ಗದ ದನಿಯಲ್ಲಿ ಕೊಡುವುದಿಲ್ಲ ಎಂದರು. ಜನರೆಲ್ಲ ತಿರುಗಿ ನೋಡಿದರು. ಅಷ್ಟು ಜನರ ಮುಂದೆ ಒಬ್ಬ ಹೆಂಗಸಿನ ಸೊಂಟಕ್ಕೆ ಕೈ ಹಾಕಲಾಗುತ್ತದೆಯೇ. ಅವರು ಹುಳ್ಳಗೆ ನಕ್ಕು ಹೋದರು. ಕೆಲವರು ಬಲ್ಬೂ ಬೇಡ ಏನೂ ಬೇಡ ಎಂದು ಹೊರಟುಹೋದರು. ಹೆಚ್ಚಿನವರು ಬಿಟ್ಟು ಹೋಗಲು ಮನಸ್ಸಿಲ್ಲದೆ, ಉರಿಯುತ್ತಲೇ ಕೂತರು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು. ಸಭೆ ಶುರುವಾದಾಗ ಅಧ್ಯಕ್ಷರು ತುಂಬಿದ ಸಭಾಂಗಣ ನೋಡಿ ಮೊದಲು ಖುಷಿಪಟ್ಟಂತೆ ಕಂಡಿತು, ಆಮೇಲೆ ಖುಷಿಪಟ್ಟಂತೆ ಕಾಣಲಿಲ್ಲ.

ಎಂಟು ವಿಷಯಗಳಿಗೆ ಒಂದೂವರೆ ಗಂಟೆ ಹಿಡಿಯಿತು. ಒಂಬತ್ತನೆಯದನ್ನು ಕಾರ್ಯದರ್ಶಿ ಓಡುವ ರೈಲಿನಂತೆ ಓದಿದರು. ಅಧ್ಯಕ್ಷರು ಅಂಗೀಕಾರವೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹತ್ತನೆಯದಕ್ಕೆ ಬೆರಳು ಇಟ್ಟರು. ದೊಡ್ಡಮ್ಮ ಬಾಗಿಲ ಬಳಿಯ ಮೇಜಿನಿಂದ ಎದ್ದು ನಿಂತರು. ಸಂಘದ ನೌಕರಿಯವಳಾಗಿ ಅಲ್ಲ, ನಮ್ಮಪ್ಪ ತೋಡಿದ ಐವತ್ತೇಳನೇ ಕಂಬದ ಸದಸ್ಯೆಯಾಗಿ ಮಾತಾಡುತ್ತೇನೆ ಎಂದರು. ಕೂತುಕೊಳ್ಳಿ ಎಂದರು ಅಧ್ಯಕ್ಷರು. ಅವರು ಕೂರಲಿಲ್ಲ.

“ಆ ವರದಿಯಲ್ಲಿ ನಾನು ಹೇಳಿದ್ದು ಅಂತ ಒಂದು ಮಾತಿದೆ. ಅದು ಸುಳ್ಳು. ಹಳೇದೋ ಹೊಸದೋ ಅಂತ ನಾನು ಕೇಳಲೇ ಇಲ್ಲ. ಚೀಟಿ ನನ್ನ ಕಣ್ಣೆದುರಿಗೇ ಇತ್ತು. ಕೇಳಿದ್ರೆ ಅವನು ಹೇಳ್ತಿದ್ದ. ಇವತ್ತು ಅವನ ಕೆಲಸ ಹೋದ್ರೆ ಅದು ನನ್ನ ಸುಳ್ಳಿನಿಂದ ಹೋಗುತ್ತೆ.”

ಮಾತು ಮುಗಿದಾಗ ಜನ ಅವರ ಪರ ನಿಲ್ಲುತ್ತಾರೆಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಸಿಟ್ಟು ಮೊದಲು ಅವರ ಕಡೆಗೇ ತಿರುಗಿತು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಿರಾ ಎಂದರು ಒಬ್ಬರು. ಸಹಿ ಯಾರದು ಎಂದು ಗಿರಣಿಯವರು ಕೇಳಿದರು. ನನ್ನದೇ ಎಂದರು. ಓದಿ ಹಾಕಿದ್ದಾ? ಓದಿ ಹಾಕಿದ್ದು. ಹಾಗಾದರೆ ತೆಗೆಯಬೇಕಾದದ್ದು ನಿಮ್ಮನ್ನೇ ಅಲ್ಲವಾ? ಅದನ್ನು ಬೇರೆ ವಿಷಯವಾಗಿ ಹಾಕಿ, ನಾನೇ ಮೊದಲು ಕೈ ಎತ್ತುತ್ತೇನೆ ಎಂದರು ದೊಡ್ಡಮ್ಮ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಕಾರ್ಯದರ್ಶಿಗೆ ಧೈರ್ಯ ಬಂತು. ಅವರು ಎದ್ದು, ಯಾರು ಏನೇ ಹೇಳಲಿ, ತಂತಿ ಸತ್ತಿದೆಯೇ ಎಂದು ಪರೀಕ್ಷೆಯ ಕೋಲಿನಿಂದ ಮುಟ್ಟಿ ನೋಡದೆ ಹತ್ತಿದ್ದು ಲೈನ್‌ಮನ್‌ನ ತಪ್ಪೇ ತಾನೇ ಎಂದರು. ಗೋಡೆಗೆ ಒರಗಿ ನಿಂತಿದ್ದ ಇನ್ನೊಬ್ಬ ಲೈನ್‌ಮನ್, ಯಾವ ಸಭೆಯಲ್ಲೂ ಬಾಯಿ ತೆರೆಯದವನು, ಅಲ್ಲಿಂದಲೇ ಹೇಳಿದ:

“ಮೂರು ಜನಕ್ಕೆ ಕೋಲು ಒಂದೇ ಸಾರ್. ಅವತ್ತು ಅದು ನನ್ನ ಹತ್ರ ಇತ್ತು.”

ಆಗ ಗಿರಣಿಯವರು ಅಧ್ಯಕ್ಷರ ಕಡೆ ತಿರುಗಿದರು. ನಮ್ಮ ಗಿರಣಿ ಮುಂದಿನ ಕಂಬ ನಮ್ಮಪ್ಪ ತೋಡಿದ್ದು, ಎರಡನೇ ನಂಬರು, ಈಗ ಅದಕ್ಕೆ ನೂರ ಹದಿಮೂರು ಅಂತ ತಗಡು ಹೊಡೆದಿದ್ದೀರಿ, ನಾಳೆ ಅಲ್ಲಿ ಕಿಡಿ ಬಿದ್ದರೆ ನಾನು ಫೋನಿನಲ್ಲಿ ಯಾವ ನಂಬರು ಹೇಳಲಿ ಎಂದು ಕೇಳಿದರು. ಹೊಸದು ಎಂದರು ಅಧ್ಯಕ್ಷರು. ಹಿಂದಿನ ಸಾಲಿನ ಮುದುಕಿಯೊಬ್ಬರು, ನಮ್ಮ ಕಂಬಕ್ಕೆ ಹೊಸದೇ ಇಲ್ಲವಲ್ಲ ಎಂದರು. ಹಾಗಿದ್ದರೆ ಹಳೆಯದು ಎಂದರು ಅಧ್ಯಕ್ಷರು. ಈ ಸಭಾಂಗಣದ ಮುಂದಿನದಕ್ಕೆ ಎಷ್ಟು ಎಂದು ಇನ್ನೊಬ್ಬರು ಕೇಳಿದರು. ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಕಾಗದ ಮಗುಚಿದರು. ಯಾರೋ ನಕ್ಕರು. ಆ ನಗು ಅಧ್ಯಕ್ಷರಿಗೆ ಬೈಗುಳಕ್ಕಿಂತ ಹೆಚ್ಚು ತಾಗಿದ್ದು ಅವರ ಕಿವಿ ನೋಡಿದರೆ ಗೊತ್ತಾಗುತ್ತಿತ್ತು.

ಕೈ ಎತ್ತಿಸಿ ಎರಡು ಸಲ ಎಣಿಸಿದರು. ವರದಿಯ ಪರ ಐವತ್ತೊಂಬತ್ತು. ವಿರುದ್ಧ ನೂರ ಎಂಬತ್ತಾರು. ಹಲ್ಲಿಯ ಕೆಲಸ ಉಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎದ್ದವರು ನೇರ ಉಗ್ರಾಣದ ಬಾಗಿಲಿಗೆ ಹೋಗಿ ಸಾಲು ನಿಂತರು. ದೊಡ್ಡಮ್ಮ ಒಬ್ಬೊಬ್ಬರಿಗೂ ಬಲ್ಬು ಕೊಟ್ಟರು. ಎರಡೂವರೆ ಗಂಟೆ ಕೂರಿಸಿದ್ದಕ್ಕೆ ಇನ್ನೊಂದು ಕೊಡಿ ಎಂದು ಒಬ್ಬರು ಕೇಳಿದರು, ತಮಾಷೆಗಲ್ಲ. ದೊಡ್ಡಮ್ಮ ಅವರನ್ನು ನೋಡಿದ ನೋಟವನ್ನು ನಾನು ಬರೆಯಲಾರೆ.

ಮಾರನೆಯ ದಿನವೇ ಸುಳ್ಳು ಹೇಳಿಕೆ ಕೊಟ್ಟದ್ದಕ್ಕಾಗಿ ದೊಡ್ಡಮ್ಮನನ್ನು ತೆಗೆದುಹಾಕುವ ಪತ್ರ ಬಂತು. ಇದಕ್ಕೆ ಸದಸ್ಯರ ಒಪ್ಪಿಗೆ ಕೇಳಲಿಲ್ಲ, ನಾನೇ ಮೊದಲು ಕೈ ಎತ್ತುತ್ತೇನೆ ಎಂದಿದ್ದ ದೊಡ್ಡಮ್ಮ ಅದನ್ನು ಪ್ರಶ್ನಿಸಲೂ ಇಲ್ಲ. ಸುಳ್ಳನ್ನು ಟೈಪು ಮಾಡಿಸಿದವರೇ ಆ ಪತ್ರಕ್ಕೆ ಸಹಿ ಹಾಕಿದ್ದರು. ಅವರು ಇವತ್ತಿಗೂ ಅದೇ ಕುರ್ಚಿಯಲ್ಲಿದ್ದಾರೆ. ಪತ್ರದ ಕೊನೆಯಲ್ಲಿ, ಫೋನಿನ ಕೆಲಸವನ್ನು ಇನ್ನು ಮುಂದೆ ಹಲ್ಲಿ ನೋಡಿಕೊಳ್ಳುತ್ತಾನೆ, ಒಂದು ವಾರ ಇದ್ದು ಅವನಿಗೆ ಕಲಿಸಿಕೊಡಬೇಕು ಎಂದಿತ್ತು. ಬೇರೆಯವರಾಗಿದ್ದರೆ ಪತ್ರ ಹರಿದು ಎಸೆಯುತ್ತಿದ್ದರು. ದೊಡ್ಡಮ್ಮ ಹೋದರು.

ಹಲ್ಲಿ ಊರುಗೋಲು ಊರಿಕೊಂಡು ಬಂದು ಎದುರಿನ ಸ್ಟೂಲಿನ ಮೇಲೆ ಕೂತನಂತೆ. ಹದಿನೈದು ವರ್ಷ ಅಕ್ಕ ಅಂದವನು ಅವತ್ತು ಮೇಡಂ ಅಂದ.

“ನಾಲ್ಕು ತಿಂಗಳು ಮೇಡಂ. ಶಾಲೇಲಿ ನನ್ನ ಮಗಳಿಗೆ, ನಿಮ್ಮಪ್ಪ ಕುಡಿದು ಕಂಬ ಹತ್ತಿದ್ನಂತೆ ಅಂದ್ರು. ನಿಮ್ಮ ಸಹಿ ಇದೆ ಅಂತ ಗೊತ್ತಾದ್ಮೇಲೆ ನಾನೇ ನನ್ನ ನಂಬಲಿಲ್ಲ. ನೀವು ಕೇಳಿರಬೇಕು, ನಾನೇ ಹೇಳಿಲ್ಲವೇನೋ ಅಂದ್ಕೊಂಡೆ.”

ಕೇಳದೇ ಇದ್ದವಳು ನಾನೇ ಎಂದರಂತೆ ದೊಡ್ಡಮ್ಮ. ಆಮೇಲೆ ರಿಜಿಸ್ಟರು ಅವನ ಕಡೆ ತಿರುಗಿಸಿ, ಉಸಿರಾಟದ ಯಂತ್ರ ಇರುವ ಮನೆಗಳ ಪಟ್ಟಿಯಿಂದ ಕಲಿಸಲು ಶುರುಮಾಡಿದರು. ಆರು ದಿನ ಅವರಿಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಏಳನೆಯ ದಿನ ದೊಡ್ಡಮ್ಮ ಮನೆಯಲ್ಲಿದ್ದರು.

ಹಲ್ಲಿ ಈಗಲೂ ನಮ್ಮ ಮನೆಗೆ ಬರುವುದಿಲ್ಲ. ದಾರಿಯಲ್ಲಿ ಸಿಕ್ಕಿದರೆ ತಲೆ ಆಡಿಸಿ ಹೋಗುತ್ತಾನೆ. ಅಮ್ಮನಿಗೆ ಇದನ್ನು ಸಹಿಸಲಾಗದು. ಇವಳು ತನ್ನ ಅನ್ನ ಕಳೆದುಕೊಂಡು ಅವನ ಅನ್ನ ಉಳಿಸಿದಳು, ಒಂದು ಒಳ್ಳೆಯ ಮಾತಿಗೂ ಅವನಿಗೆ ಬಡತನವೇ ಎಂದು ಒಂದು ದಿನ ಊಟಕ್ಕೆ ಕೂತಾಗ ಅಂದರು. ದೊಡ್ಡಮ್ಮ ತಟ್ಟೆ ಸರಿಸಿದರು.

“ನಾನೇನು ಕೊಟ್ಟೆ ಅವನಿಗೆ? ಅವನದನ್ನೇ ಅವನಿಗೆ ವಾಪಸ್ ಕೊಟ್ಟೆ, ಅದೂ ನಾಲ್ಕು ತಿಂಗಳು ತಡವಾಗಿ. ಅವನು ಸಿಟ್ಟು ಮಾಡ್ಕೊಂಡಿದಾನಲ್ಲ, ಆ ಸಿಟ್ಟಾದ್ರೂ ಅವನ ಹತ್ರ ಇರ್ಲಿ. ಅದನ್ನೂ ಕಿತ್ಕೋಬೇಕಾ ನಿನಗೆ?”